ಭಾನುವಾರದ ಕುಂಬಾರರು

ನಮ್ಮ ಬೆಂಗಳೂರಿನಲ್ಲಿ ಈಚೆಗೆ ಹೊಸ ಬಗೆಯ ಪಾಠಶಾಲೆಗಳು ಹುಟ್ಟಿಕೊಂಡಿವೆ. ಅಲ್ಲಿ ಗಂಟೆ ಬಾರಿಸುವವರಿಲ್ಲ, ಹಾಜರಿ ಪುಸ್ತಕವಿಲ್ಲ, ಪರೀಕ್ಷೆಯ ಮಾತಂತೂ ಇಲ್ಲವೇ ಇಲ್ಲ. ವಾರದ ಐದು ದಿನಗಳೂ ಗಣಕಯಂತ್ರದ ಮುಂದೆ ಕುಳಿತು, ಬೆರಳ ತುದಿಯನ್ನುಳಿದು ಕೈಯ ಮಿಕ್ಕ ಭಾಗಕ್ಕೆ ಕೆಲಸವನ್ನೇ ಕೊಡದ ತರುಣ ತರುಣಿಯರು ಶನಿವಾರ ಭಾನುವಾರಗಳಂದು ಅಲ್ಲಿಗೆ ಹೋಗಿ, ಹಣ ತೆತ್ತು, ಕೈಕೆಲಸವನ್ನು ಕಲಿಯುತ್ತಾರೆ. ಒಂದು ಕಡೆ ಮರದ ಅಚ್ಚುಗಳಿಂದ ಬಟ್ಟೆಗೆ ಬಣ್ಣ ಒತ್ತುವುದು. ಇನ್ನೊಂದು ಕಡೆ ಚನ್ನಪಟ್ಟಣದವರ ಹಾಗೆ ತಿರುಗುವ ಮರಕ್ಕೆ ಅರಗು ಹಿಡಿದು ಬೊಂಬೆ ಮಾಡುವುದು. ಮತ್ತೊಂದು ಕಡೆ ಮೈಸೂರು ಶೈಲಿಯ ಚಿತ್ರಕ್ಕೆ ಚಿನ್ನದ ರೇಕು ಅಂಟಿಸುವುದು. ಸೋಪು ಕಾಯಿಸುವವರುಂಟು, ಪುಸ್ತಕ ಹೊಲಿಯುವವರುಂಟು. ಭಾದ್ರಪದ ಮಾಸ ಸಮೀಪಿಸಿತೆಂದರೆ ಬಡಾವಣೆಗೊಂದರಂತೆ ಜೇಡಿಮಣ್ಣಿನ ಗಣಪತಿಯ ತರಗತಿಗಳು. ಇವಕ್ಕೆಲ್ಲ ‘ವರ್ಕ್‌ಷಾಪ್’ ಎಂದು ಹೆಸರು. ನಮ್ಮ ಕಾಲದಲ್ಲಿ ವರ್ಕ್‌ಷಾಪ್ ಎಂದರೆ ಲಾರಿ ರಿಪೇರಿಯಾಗುವ ಸ್ಥಳ. ಅಲ್ಲಿಗೆ ಸೇರಿದ ಹುಡುಗನಿಗೆ ಓದು ಹತ್ತಲಿಲ್ಲವೆಂದೇ ಊರವರ ತೀರ್ಮಾನ. ಈಗ ಓದು ಅತಿಯಾಗಿ ಹತ್ತಿದವರೇ ಅಲ್ಲಿಗೆ ಹೋಗುತ್ತಿದ್ದಾರೆ.

1960ರಲ್ಲಿ ಸ್ಥಾಪಿತವಾದ ನಮ್ಮ ಚಿತ್ರಕಲಾ ಪರಿಷತ್ತು ಅನೇಕ ವರ್ಷಗಳಿಂದ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆಯನ್ನು ನಡೆಸಿಕೊಂಡು ಬಂದಿರುವುದು ವಾಚಕರಿಗೆ ತಿಳಿದೇ ಇದೆ. ಅಲ್ಲಿ ಒಂದು ದಿನಕ್ಕೆ ರಸ್ತೆಯೇ ಅಂಗಡಿಯಾಗುತ್ತದೆ. ಚಿತ್ರ ಬರೆದವನೂ ಕೊಳ್ಳುವವನೂ ಎದುರು ಬದುರು ನಿಂತು ಮಾತನಾಡುತ್ತಾರೆ. ಕೊಳ್ಳಲು ಹೋದವರಲ್ಲಿ ಕೆಲವರಿಗೆ ‘ನಾವೇ ಏಕೆ ಮಾಡಬಾರದು?’ ಎನ್ನಿಸುವುದೂ ಸಹಜವೇ. ಈ ಹುಮ್ಮಸ್ಸನ್ನು ಕಂಡು ನಗುವ ಹಿರಿಯರುಂಟು. ನಾನು ಆ ಪಂಗಡದವನಲ್ಲ. ಏಕೆಂದರೆ ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ನಾನೂ ಇಂಥದೊಂದು ತರಗತಿಗೆ ಸೇರಿದೆನು. ವಿಷಯ ಕುಂಬಾರಿಕೆ. ಎಂಟು ಭಾನುವಾರಗಳು, ದಿನಕ್ಕೆ ಮೂರು ಗಂಟೆ, ಶುಲ್ಕ 12,000 ರೂಪಾಯಿ. ಮಣ್ಣಿನ ಬೆಲೆಯೂ ಸುಡುವ ಖರ್ಚೂ ಅದರಲ್ಲಿಯೇ ಸೇರಿದೆ.

ಇಷ್ಟಕ್ಕೆ ‘ಸರಿ, ಮುದುಕರಿಗೊಂದು ಹೊತ್ತು ಹೋಗುವ ದಾರಿ’ ಎಂದು ವಾಚಕರು ಪುಟ ಮಗುಚಬಹುದು. ಆದರೆ ನಾವು ಹುಟ್ಟಿನಿಂದಲೇ ಕುಂಬಾರರು. ನನ್ನ ತಾತ ಮಾಗಡಿ ಸೀಮೆಯ ಒಂದು ಹಳ್ಳಿಯಲ್ಲಿ ಕೈಯಲ್ಲಿ ತ್ರಾಣವಿರುವವರೆಗೂ ತಿಗರಿ ತಿರುಗಿಸಿದವರು. ಅವರ ಹಿಂದಿನವರೂ ಅಷ್ಟೆ. ಆ ಸರಪಣಿಯನ್ನು ಕಡಿದವರು ನಮ್ಮ ತಂದೆ. ಕೈ ತಪ್ಪಿ ಅಲ್ಲ, ಬೇಕೆಂದೇ ಕಡಿದರು.

ಹಿಂದಿನ ಕಾಲದ ಹಳ್ಳಿಯಲ್ಲಿ ಕುಂಬಾರನು ಆಯಗಾರರಲ್ಲಿ ಒಬ್ಬ. ವರ್ಷವಿಡೀ ಊರಿನ ಮನೆಮನೆಗೂ ಅಡಿಗೆಯ ಮಡಕೆ, ನೀರಿನ ಹರವಿ, ಮೊಸರಿನ ಕುಡಿಕೆ, ದೀಪದ ಹಣತೆ, ಮದುವೆಗೆ ಬಣ್ಣ ಬರೆದ ಗಡಿಗೆಗಳು, ಸಾವಿಗೆ ಬೇಕಾದ ಮಡಕೆ ಎಲ್ಲವನ್ನೂ ಅವನೇ ಒದಗಿಸಬೇಕು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದ ಬಳಿ ಅವನಿಗೆ ಧಾನ್ಯದ ಪಾಲು. ಪುಸ್ತಕದಲ್ಲಿ ಓದುವಾಗ ಈ ಏರ್ಪಾಡು ಬಹಳ ಸೊಗಸಾಗಿ ಕಾಣುತ್ತದೆ. 1936ರಲ್ಲಿ ಹುಟ್ಟಿದ ನಮ್ಮ ತಂದೆಯವರಿಗೆ ಮಾತ್ರ ಅದರ ನೆನಪು ಬೇರೆ. ಹತ್ತು ವರ್ಷದ ಹುಡುಗನಾಗಿ ಚೀಲ ಹಿಡಿದು ಕಣದ ಅಂಚಿನಲ್ಲಿ ನಿಂತಿರಬೇಕು. ಕರೆಯುವವರೆಗೂ ಒಳಗೆ ಕಾಲಿಡಬಾರದು. ರಾಶಿಯ ಪೂಜೆಯಾಗಿ, ಮನೆಯವರ ಮೂಟೆಗಳು ಗಾಡಿಯೇರಿ, ಉಳಿದವರ ಪಾಲೆಲ್ಲ ಹೋದ ಮೇಲೆ ಒಡೆಯನಿಗೆ ಕುಂಬಾರರ ಹುಡುಗನ ನೆನಪಾಗಬೇಕು. ಒಂದು ಸಂಜೆ ನೆನಪಾಗಲೇ ಇಲ್ಲವಂತೆ. ಕತ್ತಲಲ್ಲಿ ಬರಿಯ ಚೀಲವನ್ನು ಹೆಗಲ ಮೇಲೆ ಹಾಕಿಕೊಂಡು ಬಂದ ಮಗನಿಗೆ ತಾತ ಏನೂ ಹೇಳಲಿಲ್ಲವಂತೆ. ಅಂದೇ ತಂದೆಯವರು ಮಣ್ಣಿಗೆ ಶರಣು ಹೊಡೆದುಬಿಟ್ಟರು. ಓದಿದರು, ಪ್ರಾಥಮಿಕ ಶಾಲೆಯ ಉಪಾಧ್ಯಾಯರಾದರು, ಊರಿಂದೂರಿಗೆ ವರ್ಗವಾದರು. ರಜಕ್ಕೆ ಹಳ್ಳಿಗೆ ಹೋದಾಗ, ಏಳು ವರ್ಷದ ನಾನು ತಾತನ ತಿಗರಿಯ ಕಡೆಗೆ ಕೈ ನೀಡಿದರೆ ತೋಳು ಹಿಡಿದು ಎಳೆದುಕೊಳ್ಳುತ್ತಿದ್ದರು. ಅಲ್ಯೂಮಿನಿಯಮ್ಮು, ಅದರ ಬೆನ್ನಿಗೆ ಪ್ಲಾಸ್ಟಿಕ್ ಕೊಡ ಬಂದು ತಿಗರಿ ನಿಂತಾಗ ನಮ್ಮ ಮನೆಯಲ್ಲಿ ಅಳುವವರು ಯಾರೂ ಉಳಿದಿರಲಿಲ್ಲ.

ತಂದೆಯವರು ಈಗ ನಮ್ಮೊಡನೆ ಇದ್ದಾರೆ. ಕಣ್ಣು ಮಂಜಾಗಿದೆ, ಕಿವಿ, ನಾಲಗೆ ಎರಡೂ ಚುರುಕು. ತರಗತಿಯ ಸಂಗತಿಯನ್ನು ಅವರಿಂದ ಮುಚ್ಚಿಡುವುದು ನನಗೆ ಸರಿಯೆನಿಸಲಿಲ್ಲ. ಊಟವಾದ ಮೇಲೆ ಹೇಳಿದೆನು.

“ಎಷ್ಟು ಕೊಟ್ಟೆ?” ಎಂದರು.

ಹೇಳಿದೆನು.

“ನಮ್ಮಪ್ಪ ಅಷ್ಟು ದುಡ್ಡನ್ನು ಒಟ್ಟಿಗೆ ಕಣ್ಣಲ್ಲಿ ಕಾಣಲಿಲ್ಲ,” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ನಿನ್ನನ್ನು ಆ ಕೆಸರಿನಿಂದ ಎತ್ತೋದಕ್ಕೆ ನಾನು ಇಪ್ಪತ್ತು ವರ್ಷ ಪಾಡುಪಟ್ಟೆ. ಈಗ ಕೈಯಿಂದ ದುಡ್ಡು ಕೊಟ್ಟು ಇಳೀತೀಯಾ?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಭಾನುವಾರ ಮಾತ್ರ ಹೊರಟೆನು. ಮೂರು ವಾರ ಅವರು ಆ ವಿಚಾರವನ್ನೇ ಎತ್ತಲಿಲ್ಲ. ನಾನು ಷರಾಯಿಯ ಮೇಲೆ ಜೇಡಿಯ ಚುಕ್ಕೆಗಳನ್ನು ಹೊತ್ತು ಬಂದಾಗ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಆ ಕಣ್ಣಿಗೆ ಪತ್ರಿಕೆಯ ಅಕ್ಷರ ಕಾಣದೆಂಬುದು ಇಬ್ಬರಿಗೂ ಗೊತ್ತು.

ತರಗತಿಯ ಉಪಾಧ್ಯಾಯಿನಿ ನನ್ನ ಮಗಳಿಗಿಂತ ಚಿಕ್ಕವಳು. ನನ್ನನ್ನು ‘ಅಂಕಲ್’ ಎಂದು ಕರೆದು, ಮುಂಗೈ ಹಿಡಿದು ತಿದ್ದುತ್ತಿದ್ದಳು. ಆಕೆಯ ವಿದ್ಯೆಯ ವಂಶವೃಕ್ಷ ನಮ್ಮ ತಾತನದಲ್ಲ. ಪಾಂಡಿಚೇರಿಯಲ್ಲಿ ರೇ ಮೀಕರ್, ಡೆಬೊರಾ ಸ್ಮಿತ್ ಎಂಬ ಅಮೆರಿಕದ ದಂಪತಿಗಳು 1971ರಲ್ಲಿ ‘ಗೋಲ್ಡನ್ ಬ್ರಿಜ್ ಪಾಟರಿ’ ಎಂಬ ಶಾಲೆಯನ್ನು ಆರಂಭಿಸಿ, ನಮ್ಮ ದೇಶದ ಅನೇಕ ಪಟ್ಟಣಗಳ ಕಲಾವಿದರಿಗೆ ಗಟ್ಟಿ ಮಣ್ಣಿನ, ಗಾಜಿನ ಹೊಳಪಿನ ಪಾತ್ರೆಗಳ ವಿದ್ಯೆಯನ್ನು ಕಲಿಸಿದರು. ಆಕೆಯ ಗುರುಗಳು ಅಲ್ಲಿ ಕಲಿತವರು. ಅವರ ರೀತಿಯ ಹಿಂದೆ ಜಪಾನಿನ ಕುಂಬಾರರ ನೆರಳಿದೆ. ಹೀಗಾಗಿ, ನಮ್ಮ ಹಳ್ಳಿಯಿಂದ ಐವತ್ತು ಮೈಲಿಯೂ ಇಲ್ಲದ ಬೆಂಗಳೂರಿನಲ್ಲಿ ನಾನು ಕಲಿತ ಕುಂಬಾರಿಕೆ ಜಪಾನು, ಅಮೆರಿಕ, ಪಾಂಡಿಚೇರಿಗಳನ್ನು ಸುತ್ತಿಕೊಂಡು ಬಂದದ್ದು. ಇದನ್ನು ದೂರೆಂದು ಹೇಳುತ್ತಿಲ್ಲ. ಆಕೆ ಕಲಿಸಿದ್ದು ಚೆನ್ನಾಗಿಯೇ ಇತ್ತು.

ಮೊದಲ ಪಾಠ ಮಣ್ಣನ್ನು ನಾದುವುದು. ಗಾಳಿಯ ಗುಳ್ಳೆ ಉಳಿಯದಂತೆ ನಾದಬೇಕು. ಚಪಾತಿಯ ಹಿಟ್ಟಿನ ಹಾಗೆ ಮಡಿಸಿ ಮಡಿಸಿ ನಾದಿದರೆ ಗುಳ್ಳೆ ಒಳಗೇ ಸೇರಿಕೊಳ್ಳುತ್ತದೆ. ಎರಡನೆಯ ಪಾಠವೇ ಪರ್ವತ: ಮುದ್ದೆಯನ್ನು ಚಕ್ರದ ನಟ್ಟನಡುವಿಗೆ ನಿಲ್ಲಿಸುವುದು. ಮುದ್ದೆ ಮುಕ್ಕಾಲು ಕಿಲೋ ಇದ್ದೀತು. ವಿದ್ಯುತ್ತಿನ ಚಕ್ರ ಗರ್ರನೆ ತಿರುಗುತ್ತದೆ. ಮಣ್ಣು ಒಂದು ಪಕ್ಕಕ್ಕೆ ಉಬ್ಬಿ, ಕೂಸಿನ ಹಾಗೆ ಕೈಯನ್ನು ಒದೆಯುತ್ತದೆ. ಹೊಸಬನು ಆ ಒದೆತವನ್ನು ಹಿಂಬಾಲಿಸುತ್ತಾನೆ. ಮಣ್ಣು ಬಲಕ್ಕೆ ಬಂದರೆ ಕೈಯೂ ಬಲಕ್ಕೆ. ಹಾಗೆ ಮಾಡಿದಷ್ಟೂ ಕಾಲ ಇಬ್ಬರೂ ಕುಣಿಯುತ್ತಿರಬೇಕಾದುದೇ. ಮೊಣಕೈಯನ್ನು ತೊಡೆಗೆ ಒತ್ತಿ ಹಿಡಿದು, ಕೈಯನ್ನು ಕಲ್ಲು ಮಾಡಿಕೊಂಡು, ಮಣ್ಣು ಏನೇ ಮಾಡಿದರೂ ಅಲುಗದಿದ್ದರೆ, ಒಂದು ಗಳಿಗೆಯಲ್ಲಿ ಅದು ತಾನಾಗಿ ಸುಮ್ಮನಾಗುತ್ತದೆ. ಚಕ್ರ ತಿರುಗುತ್ತಲೇ ಇದ್ದರೂ ಮುದ್ದೆ ನಿಂತಂತೆ ತೋರುತ್ತದೆ. ನನಗೆ ಅದು ಕೈಹತ್ತಿದ್ದು ಮೂರನೆಯ ಭಾನುವಾರ. ಪಕ್ಕದ ಚಕ್ರದಲ್ಲಿದ್ದ, ದೊಡ್ಡ ಕಂಪನಿಯೊಂದರಲ್ಲಿ ಕೆಲಸ ಮಾಡುವ ಹುಡುಗನೊಬ್ಬನು ತನ್ನ ಮುದ್ದೆ ನಿಂತಾಗ ಕಣ್ಣೊರೆಸಿಕೊಂಡನು. ಏನಪ್ಪಾ ಎಂದರೆ, ಕೆಸರು ಹಾರಿತು ಸಾರ್ ಎಂದನು. ಇರಬಹುದು.

ಮೊದಲ ತಿಂಗಳು ಮಾಡಿದ ಬಟ್ಟಲುಗಳಾವುವೂ ಉಳಿಯಲಿಲ್ಲ. ಉಪಾಧ್ಯಾಯಿನಿ ತಂತಿಯಿಂದ ಅವನ್ನು ಹಲಸಿನ ಹಣ್ಣಿನ ಹಾಗೆ ಎರಡು ಹೋಳು ಮಾಡಿ, ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ತೋರಿಸಿ, ಮತ್ತೆ ಮಣ್ಣಿನ ತೊಟ್ಟಿಗೆ ಹಾಕುತ್ತಿದ್ದಳು. ಸುಡುವವರೆಗೆ ಮಣ್ಣು ಎಷ್ಟು ಸಲ ಬೇಕಾದರೂ ಮಣ್ಣಾಗಲು ಒಪ್ಪುತ್ತದೆ. ಬೆಂಕಿ ತಾಕಿದ ಮೇಲೆ ಒಪ್ಪುವುದಿಲ್ಲ. ಸುಡುವ ಕೆಲಸವೂ ಆತುರದವರದಲ್ಲ. ಒಣಗಿ ಸುಟ್ಟು ಮುಗಿಯುವ ವೇಳೆಗೆ ಪಾತ್ರೆ ನೂರಕ್ಕೆ ಹತ್ತು ಹನ್ನೆರಡು ಪಾಲು ಕುಗ್ಗುತ್ತದೆ; ಎಲ್ಲ ಕಡೆಯೂ ಒಂದೇ ಸಮನಾಗಿ ಕುಗ್ಗದಿದ್ದರೆ ಸೀಳು. 573 ಡಿಗ್ರಿ ಸೆಂಟಿಗ್ರೇಡಿನಲ್ಲಿ ಮಣ್ಣಿನೊಳಗಿನ ಬೆಣಚುಕಲ್ಲಿನ ಕಣಗಳು ತಟಕ್ಕನೆ ಹಿಗ್ಗುತ್ತವೆ. ಆ ಗಡಿಯನ್ನು ನಿಧಾನವಾಗಿ ದಾಟಿಸಬೇಕು. ಮೊದಲ ಸುಡುವಿಕೆ ಸುಮಾರು 1,000 ಡಿಗ್ರಿಗೆ. ಅನಂತರ ಹೊಳಪಿನ ಲೇಪ ಬಳಿದು, 1,200 ಡಿಗ್ರಿಗೂ ಮೇಲೆ ಇನ್ನೊಮ್ಮೆ. ವಿದ್ಯುತ್ತಿನ ಒಲೆಯ ಮೇಲೆ ಅಂಕಿಗಳು ಕೆಂಪಗೆ ಮಿನುಗುತ್ತಿರುತ್ತವೆ.

ಐದನೆಯ ವಾರ ನನ್ನದೊಂದು ಬಟ್ಟಲು ಈ ಕಷ್ಟಗಳನ್ನೆಲ್ಲ ದಾಟಿ ಮನೆಗೆ ಬಂದಿತು. ನೀಲಿ ಬಣ್ಣ, ಅಂಗೈಯಗಲ. ನನ್ನ ಹೆಂಡತಿ ನೋಡಿ “ಚೆನ್ನಾಗಿದೆ,” ಎಂದಳು. ಮದುವೆಯಾಗಿ 35 ವರ್ಷವಾದವರ ಚೆನ್ನಾಗಿದೆ. ಅನಂತರ ನನ್ನನ್ನು ಕೇಳದೆಯೇ ಅದನ್ನು ಒಯ್ದು ತಂದೆಯವರ ಕೈಗೆ ಕೊಟ್ಟು, “ಮಾವ, ಇವರು ಮಾಡಿದ್ದು,” ಎಂದಳು.

ಅವರು ಬಟ್ಟಲನ್ನು ನೋಡಲಿಲ್ಲ. ಎಡಗೈಯ ಬೆರಳುಗಳ ಮೇಲೆ ಅದನ್ನು ಕೂರಿಸಿ, ಬಲಗೈಯ ಗೆಣ್ಣಿನಿಂದ ಒಮ್ಮೆ ತಟ್ಟಿ, ಕಿವಿಗೊಟ್ಟು ಕೇಳಿದರು. ಅಂಚಿನ ಸುತ್ತಲೂ ಹೆಬ್ಬೆರಳನ್ನು ಓಡಿಸಿದರು. ಬುಡವನ್ನು ತೂಗಿ ನೋಡಿದರು. ಎಪ್ಪತ್ತು ವರ್ಷ ಮಣ್ಣು ಮುಟ್ಟದ ಕೈಯೆಂದು ಯಾರೂ ಹೇಳುವಂತಿರಲಿಲ್ಲ.

“ಬುಡ ಭಾರ,” ಎಂದರು. “ಕಂಠದಲ್ಲಿ ಒಂದು ಕಡೆ ಕೈ ನಡುಗಿದೆ. ನೀರು ಹಾಕಿದರೆ ತಣ್ಣಗಾಗುತ್ತೋ?”

“ಇಲ್ಲ ಅಪ್ಪ. ಇದು ಬೆವರೋದಿಲ್ಲ.”

“ಒಲೆ ಮೇಲೆ ಇಡಬಹುದೋ?”

“ಇಟ್ಟರೆ ಬಿರಿಯುತ್ತೆ.”

“ಮತ್ತೆ ಯಾತಕ್ಕಪ್ಪ ಇದು?”

ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಕ್ಕೆ ಹೋದಳು. ಆದರೆ ತಂದೆಯವರ ಪ್ರಶ್ನೆಗಳು ಹಾಸ್ಯದವಾಗಿರಲಿಲ್ಲ. ಹಳ್ಳಿಯ ಆವಿಗೆಯ ಕಾವು 800 ಡಿಗ್ರಿಯ ಆಸುಪಾಸಿನದು. ಅಷ್ಟರಲ್ಲಿ ಬೆಂದ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಅವುಗಳಿಂದ ಜಿನುಗಿದ ನೀರು ಆರುವಾಗ ಒಳಗಿನ ನೀರಿನ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಅಡಿಗೆಯ ಮಡಕೆಯ ಮಣ್ಣಿಗೆ ತಾತ ಮರಳನ್ನು ಬೆರೆಸುತ್ತಿದ್ದುದು, ಬೆಂಕಿಯ ಏಟನ್ನು ಅದು ತಾಳಲೆಂದು. ಅಂದರೆ ನಮ್ಮ ತರಗತಿಯವರು ಕೀಳೆಂದು ಬಿಟ್ಟ ಸಡಿಲು ಮಣ್ಣಿನಲ್ಲಿಯೇ ತಾತನ ಉದ್ಯೋಗದ ಬೆಲೆಯೆಲ್ಲ ಇತ್ತು. ಇದನ್ನು ತಂದೆಯವರು ಅಂದು ರಾತ್ರಿ ಹತ್ತು ಗಂಟೆಯವರೆಗೆ ಹೇಳಿದರು. ಯಾವ ಕೆರೆಯ ಮಣ್ಣು ಹರವಿಗೆ, ಯಾವುದು ಹಣತೆಗೆ. ತಿಗರಿಯ ಅಂಚಿನ ಗುಳಿಗೆ ಕೋಲು ಕೊಟ್ಟು ತಿರುಗಿಸಿದರೆ ಎಷ್ಟು ಹೊತ್ತು ನಿಲ್ಲುತ್ತದೆ, ಅದು ಸೋಲುವುದರೊಳಗೆ ಎಷ್ಟು ಕೆಲಸ ಮುಗಿಯಬೇಕು. ಆವಿಗೆಯ ಒಳಗಿನ ಬೆಂಕಿ ಮುತ್ತುಗದ ಹೂವಿನ ಬಣ್ಣಕ್ಕೆ ತಿರುಗಿತೆಂದರೆ ಬಾಯಿ ಮುಚ್ಚಬೇಕೆಂದು. ಇಷ್ಟನ್ನೂ ಹೇಳಿ, “ನಿನ್ನ ಈ ಹುಚ್ಚು ನನಗೆ ಸೇರೋದಿಲ್ಲ. ಆದರೆ ಮಾಡೋದಾದರೆ ಬುಡ ಹಗುರ ಮಾಡು,” ಎಂದು ಎದ್ದು ಹೋಗಿ ಮಲಗಿದರು.

ನಮ್ಮ ತರಗತಿಯಲ್ಲಿ ಇನ್ನೊಬ್ಬರಿದ್ದರು. ಅವರ ವಿಷಯ ಹೇಳದೆ ಬಿಡುವುದು ನ್ಯಾಯವಲ್ಲ. ಮಣ್ಣು ಹದ ಮಾಡುವುದು, ಒಲೆಗೆ ತುಂಬುವುದು, ನಾವು ಎರಚಿದ ಕೆಸರನ್ನು ಬಳಿಯುವುದು ಅವರ ಕೆಲಸ. ಬೆನ್ಸನ್ ಟೌನಿನ ಪಕ್ಕದಲ್ಲಿ, ಹಲವು ತಲೆಮಾರಿನಿಂದ ಕುಂಬಾರರು ನೆಲೆಸಿರುವ ಪಾಟರಿ ಟೌನಿನವರು. ಎಲ್ಲರೂ ಅವರನ್ನು ‘ಅಣ್ಣ’ ಎನ್ನುತ್ತಿದ್ದರು. ಹೆಸರನ್ನು ಕೇಳಿದವರು ಕಡಮೆ. ಒಂದು ದಿನ ತರಗತಿ ಮುಗಿದ ಮೇಲೆ, ಮಿಕ್ಕ ಮಣ್ಣನ್ನು ಚಕ್ರದ ಮೇಲೆ ಗುಡ್ಡೆಯಾಗಿ ಕೂರಿಸಿಕೊಂಡು, ತುದಿಯಿಂದ ಒಂದೊಂದೇ ಹಣತೆಯನ್ನು ಎತ್ತಿ ದಾರದಿಂದ ಕೊಯ್ದಿಡುತ್ತಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಚೀಲ ತೆಗೆದುಕೊಳ್ಳುವುದರೊಳಗೆ ಹಲಗೆಯ ಮೇಲೆ ಇಪ್ಪತ್ತು ಹಣತೆಗಳಿದ್ದವು. ಒಂದರ ಮೇಲೊಂದು ಅಚ್ಚೊತ್ತಿದ ಹಾಗೆ. “ನೀವೇ ಏಕೆ ಪಾಠ ಹೇಳಬಾರದು?” ಎಂದು ಕೇಳಿದೆನು. “ಇಂಗ್ಲೀಷ್ ಬರಬೇಕಲ್ಲ ಸಾರ್,” ಎಂದು ನಕ್ಕರು. ಆ ಉಪಾಧ್ಯಾಯಿನಿಯ ಮೇಲೆ ನನಗೆ ವಿಶ್ವಾಸವಿದೆ; ಆದರೂ ಒಂದು ಮಾತನ್ನು ಆಕೆಗೆ ಹೇಳಿದೆನು, ಇಲ್ಲಿಯೂ ಹೇಳುತ್ತೇನೆ. ಬಾಯಿ ಬೇಡದ ವಿದ್ಯೆಯನ್ನು ಕಲಿಸಲು ಇಂಗ್ಲಿಷ್ ಏಕೆ ಬೇಕು? ಕೈ ಕಲಿಸುವಾಗ ಕೈಯೇ ಮಾತಲ್ಲವೆ? ಆಕೆ ಸಿಡುಕಲಿಲ್ಲ. ಅದರ ಮುಂದಿನ ವಾರದಿಂದ ತರಗತಿಯ ಕೊನೆಯ ಅರ್ಧ ಗಂಟೆ ‘ಅಣ್ಣ’ನವರದು. ಸಂಬಳ ಹೆಚ್ಚಿತೋ ಎಂದು ವಿಚಾರಿಸಿದೆನು. ಅರ್ಧ ಗಂಟೆಗೆ ಎಷ್ಟೋ ಅಷ್ಟು ಹೆಚ್ಚಿತಂತೆ.

ಆ ಅರ್ಧ ಗಂಟೆಯಲ್ಲಿ ಅವರು ಮಡಕೆ ಬಡಿಯುವುದನ್ನು ತೋರಿಸಬೇಕೆಂದುಕೊಂಡರು. ನಮ್ಮ ನಾಡಿನ ದೊಡ್ಡ ಮಡಕೆಗಳು ಚಕ್ರದ ಮೇಲೆ ಪೂರ್ತಿಯಾಗುವುದಿಲ್ಲ. ಚಕ್ರದಿಂದ ಇಳಿಯುವುದು ದಪ್ಪ ಗೋಡೆಯ ಚಿಕ್ಕ ಪಾತ್ರೆ. ಅದು ಅರ್ಧ ಒಣಗಿದಾಗ ಒಳಗೆ ನುಣುಪು ಕಲ್ಲನ್ನು ಆನಿಸಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಬಡಿಯುತ್ತ ಬಡಿಯುತ್ತ ಅದನ್ನು ಹಿಗ್ಗಿಸಬೇಕು. ಹರಿಹರ ಕವಿಯು ಕುಂಬಾರ ಗುಂಡಯ್ಯನ ಮೇಲೆ ಒಂದು ರಗಳೆಯನ್ನೇ ಬರೆದಿದ್ದಾನೆ. ಗುಂಡಯ್ಯನು ಮಡಕೆ ಬಡಿಯುವ ಲಯಕ್ಕೆ ಸಾಕ್ಷಾತ್ ಶಿವನೇ ಬಂದು ಕುಣಿದನೆಂಬುದು ಕಥೆ. ಚಕ್ರ ತಿರುಗುವುದನ್ನು ಕಂಡು ಕುಣಿದನೆಂದು ಯಾರೂ ಹೇಳುವುದಿಲ್ಲ, ಅದರಲ್ಲಿ ಸದ್ದೆಲ್ಲಿ? ಜಪಾನನ್ನು ಸುತ್ತಿ ಬಂದ ನಮ್ಮ ಶಾಲೆಯಲ್ಲಿ ಹಲಗೆ ಸಿಕ್ಕಿತು, ಕಲ್ಲು ಸಿಕ್ಕಲಿಲ್ಲ. ‘ಅಣ್ಣ’ನವರ ಮನೆಯ ಕಲ್ಲನ್ನು ಯಾರೋ ಒಯ್ದು ಬಹಳ ವರ್ಷವಾಗಿತ್ತು.

ಈ ಸಂಗತಿಯನ್ನು ಮನೆಯಲ್ಲಿ ಹೇಳುತ್ತಿದ್ದೆನು. ತಂದೆಯವರು ಕಾಫಿಯ ಲೋಟವನ್ನು ಕೆಳಗಿಟ್ಟು, “ಅಡಿಗೆಮನೆಯಲ್ಲಿ ಇದೆಯಲ್ಲ,” ಎಂದರು.

ನಮ್ಮ ಅಡಿಗೆಮನೆಯಲ್ಲಿ ಕರಿಯ ಗುಂಡುಕಲ್ಲೊಂದಿದೆ. ಒಂದು ಮಗ್ಗುಲು ಉಬ್ಬಿ ನುಣ್ಣಗೆ. ಇನ್ನೊಂದು ಮಗ್ಗುಲು ಐದು ಬೆರಳಿಗೂ ಹಿಡಿತ ಸಿಕ್ಕುವ ಹಾಗೆ. ನಮ್ಮ ತಾಯಿ ಅದರಿಂದ ಮೆಣಸು, ಶುಂಠಿ, ಬೆಳ್ಳುಳ್ಳಿ ಜಜ್ಜುತ್ತಿದ್ದಳು. ಅವಳು ಹೋದ ಮೇಲೆ ನನ್ನ ಹೆಂಡತಿ ಜಜ್ಜುತ್ತಿದ್ದಾಳೆ. ಏಳೆಂಟು ಮನೆ ಬದಲಾಯಿಸಿದೆವು. ಎಲ್ಲ ಸಾಮಾನಿನೊಡನೆ ಅದೂ ಬಂದಿತು. ಅದು ತಾತನ ಕಲ್ಲೆಂದು ನನಗೆ ಯಾರೂ ಹೇಳಿರಲಿಲ್ಲ. ಮಣ್ಣಿನದೆಲ್ಲವನ್ನೂ ಹಳ್ಳಿಯಲ್ಲಿಯೇ ಬಿಟ್ಟು ಬಂದೆನೆಂದು ಹೇಳಿಕೊಳ್ಳುತ್ತಿದ್ದ ತಂದೆಯವರು, ಅದೊಂದನ್ನು ಏಕೆ ತಂದರೆಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಉಬ್ಬಿದ ಮಗ್ಗುಲು ಮೇಲಿರಬೇಕೆಂದೂ, ಒಳಗೆ ಅಂಟದಂತೆ ಬೂದಿ ಸವರಬೇಕೆಂದೂ, ಹಲಗೆಯೂ ಕಲ್ಲೂ ಒಂದೇ ಗಳಿಗೆಯಲ್ಲಿ ಎದುರಾಗಬೇಕೆಂದೂ ಮಾತ್ರ ಹೇಳಿ, ಸಾಮು ಮಾಡುವವರಂತೆ ಎರಡು ಕೈಯನ್ನೂ ಗಾಳಿಯಲ್ಲಿ ಆಡಿಸಿ ತೋರಿಸಿದರು.

ಏಳನೆಯ ಭಾನುವಾರ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದೆನು. ‘ಅಣ್ಣ’ನವರು ಗಂಟು ಬಿಚ್ಚಿದೊಡನೆಯೇ ಅದನ್ನು ತಿರುಗಿಸಿ, ಬೆರಳುಗಳನ್ನು ಸರಿಯಾದ ಜಾಗದಲ್ಲಿ ಊರಿ, “ಒಳ್ಳೆ ಕಲ್ಲು ಸಾರ್,” ಎಂದರು, ಮೂಸಿ ನೋಡಿ, “ಬೆಳ್ಳುಳ್ಳಿ!” ಎಂದರು. ಅಂದು ನಾವು ಹದಿಮೂರು ಜನವೂ ಸರದಿಯ ಮೇಲೆ ಮಡಕೆ ಬಡಿದೆವು. ನಾನು ಬಡಿದದ್ದು ಪಕ್ಕ ಹರಿದು ಹೋಯಿತು. ಕಂಪನಿಯ ಹುಡುಗನದು ನಿಂತಿತು. ಬಡಿಯುವ ಸದ್ದನ್ನು ಫೋನಿನಲ್ಲಿ ಹಿಡಿದು ತಂದು ತಂದೆಯವರಿಗೆ ಕೇಳಿಸಿದೆನು. ಕೇಳಿ, ಇದು ಯಾರದು, ಇದು ಯಾರದು ಎಂದು ಒಬ್ಬೊಬ್ಬರನ್ನೂ ವಿಚಾರಿಸಿದರು. ‘ಅಣ್ಣ’ನವರ ಸರದಿ ಬಂದಾಗ ಮಾತ್ರ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದರು.

ಕಲ್ಲು ಇನ್ನೊಂದು ವಾರ ಅಲ್ಲಿಯೇ ಇರಲೆಂದು ‘ಅಣ್ಣ’ನವರು ಕೇಳಿದ್ದಾರೆ. ಸೋಮವಾರ ಸಾರಿಗೆ ಮೆಣಸು ಜಜ್ಜಬೇಕು, ಮಿಕ್ಸಿಯಲ್ಲಿ ಆ ಹದ ಬರುವುದಿಲ್ಲ, ಆದುದರಿಂದ ತಿರುಗಿ ತರಲೇಬೇಕೆಂದು ನನ್ನ ಹೆಂಡತಿ ಹಟ ಹಿಡಿದಿದ್ದಾಳೆ. ಇಬ್ಬರಲ್ಲಿ ಯಾರಿಗೆ ಹೌದೆನ್ನಬೇಕೆಂದು ತಂದೆಯವರನ್ನು ಕೇಳಿದರೆ, ಅವರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ.